ಮಡಿಮನೆಗೆ ಬಂದ ರೇಡಿಯೋಗ್ರಾಮ್

ನಮ್ಮ ಮನೆಯೊಳಗೆ ಬರುವ ಪ್ರತಿಯೊಂದು ವಸ್ತುವಿಗೂ ಹೊಸ್ತಿಲಲ್ಲಿ ಒಂದು ವಿಚಾರಣೆ ನಡೆಯುತ್ತಿತ್ತು. ವಿಚಾರಣೆ ಮಾಡುವವರು ನಮ್ಮ ಅತ್ತೆ. ಮೇಲ್ಮನವಿಗೆ ಅವಕಾಶ ಇರಲಿಲ್ಲ. ಪ್ಲಾಸ್ಟಿಕ್ ಕೊಡ ಬಂದಾಗ ವಿಚಾರಣೆ, ಕುಕ್ಕರ್ ಬಂದಾಗ ವಿಚಾರಣೆ. ಚಿಂಚೋಳಿಯವಳಾದ ನಾನು ಮದುವೆಯಾಗಿ ಶಹಾಬಾದಿಗೆ ಬಂದಾಗಲೂ, ಮಾತಿನಲ್ಲಿ ತೆಲುಗಿನ ವಾಸನೆ ಇದೆ ಎಂಬ ಆರೋಪದ ಮೇಲೆ ಒಂದು ಸಣ್ಣ ವಿಚಾರಣೆ ಆಗಿತ್ತು. ನಾನು ಪಾಸಾದೆ, ಕುಕ್ಕರೂ ಪಾಸಾಯಿತು. ಕೊಡ ಮಾತ್ರ ಹಿತ್ತಲು ಬಿಟ್ಟು ಒಳಗೆ ಬರಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಬಂಡಿಯ ಮೇಲೆ ರೇಡಿಯೋಗ್ರಾಮ್ ಬಂತು. ನಮ್ಮ ಮಾವ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಊರಿನ ಹಳೆಯ ಕಂಪನಿಯೊಂದರ ಸಾಹೇಬರ ಮಕ್ಕಳಿಗೆ ಮನೆಪಾಠ ಹೇಳಿದ್ದರು. ಕಂಪನಿ ಕೊನೆಯುಸಿರು ಎಳೆಯುತ್ತಿದ್ದ ಕಾಲ. ಸಾಹೇಬರು ಬಂಗಲೆ ಖಾಲಿ ಮಾಡುವಾಗ ಮಾವನವರನ್ನು ಕರೆದು, ಇದನ್ನು ಬದುಕಿಸುವವರು ಈ ಊರಿನಲ್ಲಿ ಯಾರಾದರೂ ಇದ್ದರೆ ಅದು ನೀವೇ ಎಂದು ಹೇಳಿ ಅದನ್ನು ಕೊಟ್ಟುಬಿಟ್ಟರಂತೆ. ಅಷ್ಟು ದೊಡ್ಡ ಪೆಟ್ಟಿಗೆಯನ್ನು ಲಾರಿಯಲ್ಲಿ ಹಾಕಿಕೊಂಡು ಹೋಗುವುದು ಸಾಹೇಬರಿಗೆ ಬೇಡವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಮಾವನವರು ಮಾತ್ರ ಡಾಕ್ಟರೇಟ್ ಬಂದವರ ಹಾಗೆ ಬಂಡಿಯ ಪಕ್ಕದಲ್ಲಿ ನಡೆದುಬಂದರು.

ಅದೊಂದು ಮಂಚದಷ್ಟು ಉದ್ದದ ಮರದ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಒಂದು ಕಡೆ ಗ್ರಾಮಫೋನಿನ ತಟ್ಟೆ ತಿರುಗುವ ಜಾಗ, ಇನ್ನೊಂದು ಕಡೆ ಕೈರೋ, ಕೊಲಂಬೊ, ಲಂಡನ್ ಅಂತ ಊರುಗಳ ಹೆಸರು ಬರೆದ ಗಾಜಿನ ಪಟ್ಟಿ. ಎರಡೂ ತುದಿಗೆ ಒಂದೊಂದು ಸ್ಪೀಕರ್. ಹಿಂದೆ, ಬೆನ್ನಿನ ಹಲಗೆ ತೆಗೆದರೆ, ಸಾಲಾಗಿ ನಿಂತ ವಾಲ್ವುಗಳು. ವಾಲ್ವು ಎಂದರೆ ಹೆಬ್ಬೆರಳಿನಷ್ಟು ಗಾಜಿನ ಬುಡ್ಡಿ. ಒಳಗಿನ ತಂತಿ ಕೆಂಪಗೆ ಕಾದ ಮೇಲೆಯೇ ಅದು ಕೆಲಸ ಮಾಡುವುದು. ಈಗಿನ ಸೆಟ್ಟುಗಳ ಹಾಗೆ ಗುಂಡಿ ಒತ್ತಿದ ಕೂಡಲೇ ಒದರುವ ಸ್ವಭಾವ ಅದರದಲ್ಲ. ಹಚ್ಚಿ, ಕಾಯಬೇಕು. ಚಾದ ನೀರು ಕುದಿಯುವಷ್ಟು ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ಬಿಡುತ್ತದೆ.

ಹೊಸ್ತಿಲಲ್ಲಿ ವಿಚಾರಣೆ ಶುರುವಾಯಿತು. ಮುಚ್ಚಳದ ಮೇಲೆ ದುಂಡಗಿನ ಒಂದು ಕಲೆ ಇತ್ತು. ಅದೇನು ಎಂದು ಅತ್ತೆ ಕೇಳಿದರು. ನೀರಿನ ಗ್ಲಾಸು ಇಟ್ಟದ್ದು ಎಂದರು ಮಾವ. ಸಾಹೇಬರ ಬಂಗಲೆಯಲ್ಲಿ ನೀರು ಕುಡಿಯುವುದನ್ನು ಯಾರು ನೋಡಿದ್ದಾರೆ ಎಂದು ಅತ್ತೆ ಮರುಪ್ರಶ್ನೆ ಹಾಕಿದರು. ಕೊನೆಗೆ, ಪೆಟ್ಟಿಗೆ ಪಡಸಾಲೆ ದಾಟಿ ಒಳಗೆ ಬರಬಾರದು ಎಂಬ ಷರತ್ತಿನ ಮೇಲೆ ತೀರ್ಪಾಯಿತು. ಅತ್ತೆ ಪಂಚಪಾತ್ರೆಯಲ್ಲಿ ನೀರು ತಂದು, ತುಳಸಿದಳ ಅದ್ದಿ, ಪೆಟ್ಟಿಗೆಯ ನಾಲ್ಕೂ ಕಡೆ ಚಿಮುಕಿಸಿದರು. ಯಾವುದೇ ವಸ್ತು ಹೊರಗಿನವರ ಕೈಯಿಂದ ಬಂದರೆ ಅದನ್ನು ಹೀಗೆ ಶುದ್ಧ ಮಾಡುವುದು ಅವರ ಪದ್ಧತಿ.

ಮೊದಲು ಮಾವನವರೇ ಕೆಲಸಕ್ಕೆ ಕೈ ಹಾಕಿದರು. ಪಡಸಾಲೆಯ ಪರಸಿ ಕಲ್ಲಿನ ನೆಲದ ಮೇಲೆ ಹಳೆ ಧೋತರ ಹಾಸಿ, ಪೆಟ್ಟಿಗೆಯ ಕರುಳನ್ನೆಲ್ಲ ಹೊರಗೆ ಹರವಿ ಕೂತರು. ಎಡಗಡೆಯ ಸ್ಪೀಕರಿನಲ್ಲಿ ಇಲಿ ಸಂಸಾರ ಹೂಡಿತ್ತು. ಉಳಿದದ್ದೆಲ್ಲ ಸಿಮೆಂಟಿನ ಧೂಳು. ನಮ್ಮ ಸೀಮೆಯಲ್ಲಿ ಸಿಮೆಂಟಿನ ಧೂಳು ಹೋಗದ ಜಾಗವಿಲ್ಲ, ಮುಚ್ಚಿಟ್ಟ ಮೊಸರಿನಲ್ಲೂ ಅದರ ರುಚಿ ಇರುತ್ತದೆ. ಮಾವನವರು ಬ್ರಶ್ಶಿನಿಂದ ಒರೆಸಿದರು, ಮರಕ್ಕೆ ಪಾಲಿಶ್ ಹಚ್ಚಿದರು, ಊರುಗಳ ಹೆಸರಿನ ಮೇಲೆ ಮುಳ್ಳು ಓಡಿಸುವ ದಾರ ಹೊಸದು ಕಟ್ಟಿದರು. ಇಷ್ಟರ ತನಕ ಚೆನ್ನಾಗಿತ್ತು. ಆಮೇಲೆ ನಕ್ಷೆ ಬರೆದುಕೊಂಡು, ಓಮನ ನಿಯಮ ಬಾಯಲ್ಲಿ ಹೇಳಿಕೊಳ್ಳುತ್ತ ಕರೆಂಟ್ ಕೊಟ್ಟರು. ನಮ್ಮ ಓಣಿಯ ಫ್ಯೂಜು ಹಾರಿತು. ಮಾವನವರು ಎರಡು ದಿನ ಬಲಗೈ ಮಡಿಚಿಕೊಂಡೇ ಓಡಾಡಿದರು, ಆದರೆ ಶಾಕ್ ಹೊಡೆಯಿತೆಂದು ಒಪ್ಪಲಿಲ್ಲ. ತತ್ವವೆಲ್ಲ ಸರಿ ಇದೆ, ಕೈಕೆಲಸಕ್ಕೆ ಮಾತ್ರ ಒಬ್ಬ ಮನುಷ್ಯ ಬೇಕು ಎಂದರು.

ಆ ಮನುಷ್ಯನನ್ನು ತಂದವಳು ನಾನು. ನನಗೆ ವಾಡಿಯ ಶಾಲೆಯಲ್ಲಿ ಕನ್ನಡ ಟೀಚರ್ ಕೆಲಸ, ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ವಾಡಿ ಸ್ಟೇಷನ್ನಿನ ಹೊರಗೆ ಒಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಅದರ ಯಜಮಾನರನ್ನು ಎಲ್ಲರೂ ಉಸ್ತಾದರು ಎನ್ನುತ್ತಿದ್ದರು. ಉಸ್ತಾದರಿಗೆ ಎರಡು ವಿದ್ಯೆ ಬರುತ್ತಿತ್ತು: ವಾಲ್ವಿನ ರೇಡಿಯೋ ರಿಪೇರಿ ಮತ್ತು ತಮ್ಮ ಹೊಗಳಿಕೆ. ಗಿರಾಕಿ ಬಂದರೆ ಮೊದಲು ಎರಡನೆಯದು ಮುಗಿಸಿ ಆಮೇಲೆ ಮೊದಲನೆಯದಕ್ಕೆ ಬರುವರು. ಸೇಡಂನಿಂದ ಶಹಾಬಾದಿನ ತನಕ ತಮ್ಮ ಕೈ ಸೋಂಕದ ರೇಡಿಯೋ ಒಂದೂ ಇಲ್ಲ, ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಬದಲಾದಾಗ ಕೂಗುವ ಭೋಂಗಾ ಕೂಡ ಒಮ್ಮೆ ತಾವೇ ರಿಪೇರಿ ಮಾಡಿದ್ದು, ಇತ್ಯಾದಿ. ಕಾಲ ಮಾತ್ರ ಅವರ ಕಡೆ ಇರಲಿಲ್ಲ. ಎಲ್ಲರ ಮನೆಗೂ ಟಿವಿ ಬಂದು, ಅಂಗಡಿಗೆ ಬರುತ್ತಿದ್ದವರು ರೈಲ್ವೆ ಕ್ವಾರ್ಟರ್ಸಿನ ಹಳೆ ತಲೆಗಳಷ್ಟೇ. ನಮ್ಮ ಪೆಟ್ಟಿಗೆಯ ವಿಷಯ ಕೇಳಿದ ಕೂಡಲೇ ಉಸ್ತಾದರು ಬಾಯೊಳಗಿನ ಪಾನ್ ಉಗುಳಿ ಎದ್ದು ನಿಂತರು.

ರವಿವಾರ ರವಿವಾರ ಬಂದು ಕೆಲಸ ಮಾಡಿದರು. ಪಡಸಾಲೆಯಲ್ಲಿ ಕೂತು, ಸೋಲ್ಡರಿನ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಕೆಟ್ಟುಹೋದ ಕಂಡೆನ್ಸರುಗಳನ್ನು ಕಿತ್ತು ಹೊಸವು ಹಾಕಿದರು. ಮಾವನವರು ಕುರ್ಚಿಯಲ್ಲಿ ಕೂತು ಪ್ರತಿಯೊಂದಕ್ಕೂ ಕಾರಣ ವಿವರಿಸುವರು. ಉಸ್ತಾದರು ತಮ್ಮ ಇನ್ನೊಂದು ವಿದ್ಯೆಯಿಂದ ಅದಕ್ಕೆ ಉತ್ತರ ಕೊಡುವರು. ಇಬ್ಬರೂ ಒಬ್ಬರ ಮಾತು ಇನ್ನೊಬ್ಬರು ಕೇಳುತ್ತಿರಲಿಲ್ಲವಾದ್ದರಿಂದ ಜಗಳಕ್ಕೆ ಎಡೆ ಇರಲಿಲ್ಲ. ಅತ್ತೆ ಒಳಗಿನಿಂದ ಉಪ್ಪಿಟ್ಟು ಕಳಿಸುವರು, ಉಸ್ತಾದರ ಹೆಂಡತಿಯ ಮೊಣಕಾಲು ನೋವು ಹೇಗಿದೆ ಎಂದು ಕೇಳುವರು, ಮನೆಗೆ ಒಯ್ಯಲು ಮಾವಿನ ಉಪ್ಪಿನಕಾಯಿ ಕಟ್ಟಿಕೊಡುವರು. ಅವರಿಗೆ ಚಾ ಕೊಡುವ ಲೋಟ ಮಾತ್ರ ಪಡಸಾಲೆಯ ಕಿಟಕಿಯ ಮೇಲೆ ಬೇರೆಯಾಗಿ ಇರುತ್ತಿತ್ತು. ಅತ್ತೆಗೆ ಉಸ್ತಾದರ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿದ್ದುದು ಅದಕ್ಕೇ.

ಒಂದು ರವಿವಾರ ಪೆಟ್ಟಿಗೆ ಬಾಯಿ ಬಿಟ್ಟಿತು. ಮೊದಲು ಗಾಜಿನ ಪಟ್ಟಿಯ ಹಿಂದೆ ಹಳದಿ ಬೆಳಕು, ಆಮೇಲೆ ಮೂಲೆಯಲ್ಲಿ ಒಂದು ಹಸಿರು ಕಣ್ಣು, ಆಮೇಲೆ ಕಾದ ಧೂಳಿನ ವಾಸನೆ, ಆಮೇಲೆ ಹಿತ್ತಾಳೆ ಕೊಳಗದೊಳಗಿಂದ ಬಂದಂಥ ಗಟ್ಟಿ, ದುಂಡನೆಯ ದನಿ. ಓಣಿಯ ಜನ ಬಾಗಿಲಲ್ಲಿ ನಿಂತರು. ಮಾವನವರು ವಿವರಣೆ ಕೊಡುವುದನ್ನೇ ಮರೆತರು. ಗಾಳಿ ಆಡಲಿ, ಬೆನ್ನಿನ ಹಲಗೆ ಹಚ್ಚಬೇಡಿರಿ ಎಂದು ಹೇಳಿ ಉಸ್ತಾದರು ಸಂಜೆಯ ರೈಲಿಗೆ ಹೋದರು. ಮರುದಿನ ಬೆಳಿಗ್ಗೆ ಹಚ್ಚಿದರೆ ಪೆಟ್ಟಿಗೆ ಹೆಣ. ಒಂದು ವಾಲ್ವಿನ ಗಾಜು ಕೂದಲೆಳೆಯಷ್ಟು ಸೀಳಿ, ಗಾಳಿ ಹೊಕ್ಕು, ಒಳಗಿನ ಬೆಳ್ಳಿಬಣ್ಣ ಹಾಲಿನ ಹಾಗೆ ಬಿಳಿಚಿಕೊಂಡಿತ್ತು.

ವೋಲ್ಟೇಜಿನ ದೋಷ ಎಂದರು ಮಾವ. ಸ್ಟೆಬಿಲೈಜರ್ ಬಂತು. ಉಸ್ತಾದರು ಹೈದರಾಬಾದಿನ ಗುಜರಿ ಬಜಾರಿಗೆ ಹೋಗಿ ಅಂಥದೇ ವಾಲ್ವು ಹುಡುಕಿ ತಂದರು. ಮತ್ತೆ ಒಂದು ರವಿವಾರ, ಮತ್ತೆ ಹಸಿರು ಕಣ್ಣು, ಮತ್ತೆ ಓಣಿಯ ಜನ. ಉಸ್ತಾದರು ಚಪ್ಪಲಿ ಮೆಟ್ಟಿ ಹೊರಟರು. ಮಾವನವರು ರೇಡಿಯೋ ಆರಿಸಿ, ಅವರನ್ನು ಬೀಳ್ಕೊಡಲು ಓಣಿಯ ತುದಿಯವರೆಗೆ ಹೋದರು. ನಾನು ಮಾಳಿಗೆಯಿಂದ ಒಣಗಿದ ಬಟ್ಟೆ ತರುತ್ತಿದ್ದೆ. ಪಡಸಾಲೆಯಲ್ಲಿ ಅತ್ತೆ ಪೆಟ್ಟಿಗೆಯ ಹಿಂದೆ ಬಗ್ಗಿ ನಿಂತಿದ್ದರು. ಎಡಗೈಯಲ್ಲಿ ಪಂಚಪಾತ್ರೆ, ಬಲಗೈಯಲ್ಲಿ ತುಳಸಿ. ಅವರದು ಅಳತೆಯ ಕೆಲಸ: ಉಸ್ತಾದರ ಕೈ ಎಲ್ಲೆಲ್ಲಿ ತಾಗಿತ್ತೋ ಅಲ್ಲಲ್ಲಿಗೆ ಸರಿಯಾಗಿ ನೀರು. ಅವರ ಕೈ ತಾಗಿದ್ದೆಲ್ಲ ವಾಲ್ವುಗಳಿಗೆ, ವಾಲ್ವುಗಳು ಇನ್ನೂ ಸುಡುತ್ತಿದ್ದವು. ಟಿಣ್ ಅಂತ ಒಂದು ಸಣ್ಣ ಸದ್ದಾಯಿತು. ಅತ್ತೆ ಕೃಷ್ಣ ಕೃಷ್ಣ ಎನ್ನುತ್ತ ಒಳಗೆ ಹೋದರು.

ನಾನು ಬಟ್ಟೆಯ ಗಂಟು ಅಲ್ಲೇ ಒಗೆದು ಅವರ ಬೆನ್ನು ಹತ್ತಿದೆ. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಒಡೆಯುತ್ತದೆ, ಒಡೆದದ್ದು ನಿಮ್ಮಿಂದ, ಹೆಸರು ಕೆಡುವುದು ಪಾಪದ ಮನುಷ್ಯನದು ಎಂದೆ. ಅತ್ತೆಗೆ ಅದು ತಮಾಷೆಯ ಮಾತಾಗಿ ಕಂಡಿತು.

"ಅದು ಬರೇ ನೀರೇನವಾ? ದೇವರ ಮುಂದಿನ ತೀರ್ಥ. ತೀರ್ಥದಿಂದ ಯಾವುದಾರ ಕೆಡ್ತದೇನು?" ಎಂದರು.

ನನ್ನ ಗಂಡನಿಗೆ ಹೇಳಿದೆ. ಅವರು ಪೇಪರನ್ನು ಒಂದು ಗೇಣು ಮೇಲೆತ್ತಿ ಮುಖಕ್ಕೆ ಅಡ್ಡ ಹಿಡಿದರು. ತಾಯಿಯ ವಿಷಯ ಬಂದಾಗಲೆಲ್ಲ ಅವರಿಗೆ ದೇಶದ ವಿದ್ಯಮಾನಗಳಲ್ಲಿ ಆಸಕ್ತಿ ಹುಟ್ಟುತ್ತಿತ್ತು. ಮಾವನವರಿಗೆ ಹೇಳಿದೆ. ಅವರು ವರ್ಷಗಟ್ಟಲೆ ಎಂಟನೇ ಇಯತ್ತೆಯ ಮಕ್ಕಳ ಮುಂದೆ ಗಾಜಿನ ನಳಿಕೆ ಕಾಯಿಸಿ, ನೀರು ಸುರಿದು, ಅದು ಒಡೆಯುವುದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದವರು. ನನ್ನ ಮಾತು ಕೇಳಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ನೋಡೋಣ ಎಂದರು. ಮರುದಿನ ಬೆಳಿಗ್ಗೆ ಚಾ ಕುಡಿಯುತ್ತ, ಕಲ್ಲಿನ ಖಣಿಗಳಲ್ಲಿ ಹಾರಿಸುವ ಮದ್ದಿನಿಂದ ನೆಲ ಅದುರಿ ವಾಲ್ವುಗಳು ಸೀಳುತ್ತಿವೆ ಎಂದು ಘೋಷಿಸಿದರು. ಹೆಂಡತಿಗೆ ಒಂದು ಮಾತು ಹೇಳುವುದಕ್ಕಿಂತ ಇಡೀ ಶಹಾಬಾದಿನ ಖಣಿ ಉದ್ಯಮವನ್ನು ಎದುರು ಹಾಕಿಕೊಳ್ಳುವುದು ಅವರಿಗೆ ಸುಲಭವಾಗಿತ್ತು.

ಪೆಟ್ಟಿಗೆಯ ಕಾಲುಗಳ ಕೆಳಗೆ ಗೋಣಿಚೀಲಗಳು ಬಂದವು, ಅವುಗಳ ಕೆಳಗೆ ಲಾರಿ ಟೈರಿನ ತುಂಡುಗಳು ಬಂದವು. ಸೇಡಂನ ನಮ್ಮ ಬೀಗರು ಬಂದವರು ಪೆಟ್ಟಿಗೆ ದಕ್ಷಿಣಕ್ಕೆ ಮುಖ ಮಾಡಿದೆ, ಉಳಿಯುವುದು ಹೇಗೆ ಎಂದರು. ಪೆಟ್ಟಿಗೆ ಪೂರ್ವಕ್ಕೆ ತಿರುಗಿತು. ಕೊನೆಗೆ ಓಣಿಯವರೊಬ್ಬರು, ಉಸ್ತಾದನಿಗೂ ವಯಸ್ಸಾಯಿತಲ್ಲ, ಕೈ ನಡುಗುತ್ತಿರಬೇಕು ಎಂದರು. ಈ ಸಿದ್ಧಾಂತ ಮಾವನವರಿಗೆ ಬಹಳ ಹಿಡಿಸಿತು. ಇದಕ್ಕೆ ಗೋಣಿಚೀಲ ಬೇಕಿರಲಿಲ್ಲ, ಯಾರನ್ನೂ ಎದುರು ಹಾಕಿಕೊಳ್ಳಬೇಕಿರಲಿಲ್ಲ. ಪೋಸ್ಟಾಫೀಸಿನ ಕಟ್ಟೆಯ ಮೇಲೆ ಮಾತಾಡಿದರು, ಮಠದ ಜಗಲಿಯ ಮೇಲೆ ಮಾತಾಡಿದರು. ವಾರ ಕಳೆಯುವುದರಲ್ಲಿ ಆ ಮಾತು ನನಗಿಂತ ಮೊದಲೇ ರೈಲು ಹತ್ತಿ ವಾಡಿ ಮುಟ್ಟಿತ್ತು. ಉಸ್ತಾದರ ಕೈ ಹೋಯಿತಂತೆ ಎಂದು ರೈಲಿನ ಡಬ್ಬಿಯಲ್ಲಿ ಚಿತ್ತಾಪುರದ ಕಡೆಯವರು ಮಾತಾಡಿಕೊಳ್ಳುತ್ತಿದ್ದರು.

ಅಂಗಡಿಗೆ ಹೋದೆ. ರಿಪೇರಿಗೆ ಕೊಟ್ಟವರು ತಮ್ಮ ತಮ್ಮ ರೇಡಿಯೋ ವಾಪಸು ಒಯ್ದಿದ್ದರು. ಹಲಗೆಗಳ ಮೇಲೆ ರೇಡಿಯೋ ಇದ್ದ ಜಾಗಗಳಲ್ಲಿ ಧೂಳಿಲ್ಲದ ಚೌಕಗಳು ಉಳಿದಿದ್ದವು. ಉಸ್ತಾದರು ಕೈ ಮೇಜಿನ ಮೇಲೆ ಚಾಚಿ ಅದನ್ನೇ ನೋಡುತ್ತ ಕೂತಿದ್ದರು. ಬೆರಳು ನಡುಗುತ್ತವೇನೋ ಎಂದು ಪರೀಕ್ಷೆ ಮಾಡಿಕೊಳ್ಳುತ್ತಿದ್ದರು. ಹೊಗಳಿಕೆಯ ಒಂದು ಮಾತೂ ಬರಲಿಲ್ಲ.

"ಒಂದ್ ಸಲ ವಾಲ್ವ್ ಖರಾಬ್ ಇರಬಹುದು, ಬೇಟಿ. ಎರಡ್ ಸಲ ಆದ್ರ ಕೈ ಖರಾಬ್ ಅಂತಾರ, ಅನ್ನೂದು ಖರೇನೂ ಇರಬಹುದು," ಎಂದರು. "ಇನ್ನೊಂದ್ ಸಲ ನೋಡ್ತೀನಿ. ನಿಲ್ಲಲಿಲ್ಲಂದ್ರ ಈ ಬೋರ್ಡ್ ಇಳಿಸಿ ಮನ್ಯಾಗ ಕುಂದರ್ತೀನಿ."

ನನಗೆ ಅಲ್ಲೇ ಹೇಳಿಬಿಡಬೇಕು ಅನಿಸಿತು. ಆದರೆ ಅಂಗಡಿಯಲ್ಲಿ ನಾನು ಅವರ ಕಿವಿಯಲ್ಲಿ ಹೇಳಿದರೆ, ಸೊಸೆ ಅತ್ತೆಯ ಮೇಲೆ ಹೇಳಿದ ಚಾಡಿ ಆಗುತ್ತದೆ. ಮಾವನವರ ಸಿದ್ಧಾಂತ ಹಾಗೇ ನಿಲ್ಲುತ್ತದೆ. ಹೇಳಿದರೆ ಆ ಪಡಸಾಲೆಯಲ್ಲೇ, ಎಲ್ಲರ ಎದುರಿಗೇ ಹೇಳಬೇಕು ಎಂದು ನಿಶ್ಚಯಿಸಿಕೊಂಡು, ಈ ರವಿವಾರವೇ ಬನ್ನಿ ಎಂದೆ.

ಆ ವಾಲ್ವು ಹೈದರಾಬಾದಿನಲ್ಲೂ ಮುಗಿದುಹೋಗಿತ್ತು. ಉಸ್ತಾದರು ತಮ್ಮ ಮನೆಯ ರೇಡಿಯೋದಿಂದ ಕಿತ್ತು, ಹತ್ತಿಯಲ್ಲಿ ಸುತ್ತಿ, ಜೇಬಿನಲ್ಲಿ ಇಟ್ಟುಕೊಂಡು ಬಂದರು. ಇದೂ ಹೋದರೆ ಎರಡು ಮನೆಯ ರೇಡಿಯೋ ಹೋದ ಹಾಗೆ. ಓಣಿಯ ಜನ ಈ ಸಲ ಬರಲಿಲ್ಲ. ಉಸ್ತಾದರು ವಾಲ್ವನ್ನು ಕೂರಿಸಿ, ಬಿಸ್ಮಿಲ್ಲಾ ಎಂದು ಗುಂಡಿ ತಿರುಗಿಸಿ, ತಮ್ಮ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತರು. ಹಸಿರು ಕಣ್ಣು ತೆರೆಯಿತು. ಕಲಬುರಗಿ ಆಕಾಶವಾಣಿಯಲ್ಲಿ ಒಬ್ಬರು ತೊಗರಿಯ ಕಾಯಿಕೊರಕ ಹುಳದ ಬಗ್ಗೆ ರೈತರಿಗೆ ಸಲಹೆ ಕೊಡುತ್ತಿದ್ದರು. ಆ ಹುಳದ ಮಾತು ಅಷ್ಟು ಇಂಪಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ.

ಅತ್ತೆ ನಡುಮನೆಯ ಬಾಗಿಲಲ್ಲಿ ಪಂಚಪಾತ್ರೆ ಹಿಡಿದು ಆಗಲೇ ತಯಾರಾಗಿದ್ದರು. ಉಸ್ತಾದರು ಹೊರಡಲು ಎದ್ದರು. ಕುಂದರ್ರಿ, ಚಾ ಕುಡಿದು ಹೋಗ್ರಿ ಎಂದೆ. ಚಾ ಆಯಿತು. ಮತ್ತೆ ಎದ್ದರು. ಅವಲಕ್ಕಿ ಒಗ್ಗರಣೆ ಹಾಕಿದ್ದೀನಿ ಎಂದೆ. ಅದೂ ಆಯಿತು. ಅವರ ರೈಲು ಹೋಯಿತು. ತಮಗೆ ಇಷ್ಟು ಸನ್ಮಾನ ನಡೆಯುತ್ತಿರುವುದಕ್ಕೆ ಉಸ್ತಾದರು ಖುಷಿಯಾಗಿ ಫ್ಯಾಕ್ಟರಿಯ ಭೋಂಗಾದ ಕಥೆ ಮೊದಲಿನಿಂದ ಶುರು ಮಾಡಿದರು. ಅತ್ತೆ ಬಾಗಿಲಲ್ಲಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದರು. ಮಾವನವರು ಜಂತಿ ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು. ನನ್ನ ಗಂಡನ ಕೈಯಲ್ಲಿ ನಿನ್ನೆಯ ಪೇಪರಿತ್ತು. ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆಂದು ನಾನು ಕಾದದ್ದೇ ಬಂತು.

"ಚಾಚಾ, ನಿಮ್ಮ ಕೈಯಾಗ ಏನೂ ದೋಷ ಇಲ್ಲ," ಎಂದೆ. "ನೀವು ಹ್ವಾದ ಮ್ಯಾಲ ನೀವು ಮುಟ್ಟಿದ ಕಡೆ ನಮ್ಮ ಮನ್ಯಾಗ ನೀರು ಹಾಕ್ತಾರ. ವಾಲ್ವ್ ಬಿಸಿ ಇರ್ತಾವ, ಒಡೀತಾವ."

ರೇಡಿಯೋದವರು ಔಷಧಿಯನ್ನು ಎಷ್ಟು ನೀರಿಗೆ ಬೆರೆಸಬೇಕೆಂದು ಹೇಳುತ್ತಿದ್ದರು. ಉಸ್ತಾದರ ಮುಖದಲ್ಲಿ ಮೊದಲು ಮೂಡಿದ್ದು ಸಂತೋಷ, ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಅವರು ಎರಡೂ ಅಂಗೈ ಎತ್ತಿ ನೋಡಿಕೊಂಡರು. ಕೈ ಸರಿಯಾಗಿತ್ತು, ಕೈ ಹೋಗಿರಲಿಲ್ಲ. ಕಳೆದುಹೋದ ಮಗು ಸಿಕ್ಕವರ ಹಾಗೆ ನಕ್ಕರು. ನನ್ನ ಮಾತಿನ ಉಳಿದ ಅರ್ಧ ಆಮೇಲೆ ಅವರಿಗೆ ತಟ್ಟಿತು. ನಗು ಅಲ್ಲೇ ನಿಂತಿತು. ಅವರು ಅತ್ತೆಯನ್ನು ನೋಡಿದರು, ಅತ್ತೆಯ ಕೈಯಲ್ಲಿದ್ದ ಪಂಚಪಾತ್ರೆ ನೋಡಿದರು, ಕಿಟಕಿಯ ಮೇಲಿನ ಲೋಟ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಭೂಮಿಗೇನು, ನಮ್ಮ ಪಡಸಾಲೆಗೆ ಒಳ್ಳೆ ಗಟ್ಟಿ ಕಲ್ಲು ಹಾಕಿಸಿದ್ದರು.

ಉಸ್ತಾದರು ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡರು. ದನಿ ಏರಿಸಲಿಲ್ಲ.

"ತಣ್ಣಗಾದ ಮ್ಯಾಲ ಹಾಕ್ರಿ, ಅಮ್ಮಾವ್ರ," ಎಂದರು. "ಬಿಸಿ ಇದ್ದಾಗ ಬ್ಯಾಡ."

ಈಗಲಾದರೂ ಅತ್ತೆ ನಾಚಿ ನೀರಾಗುತ್ತಾರೆ, ಪಂಚಪಾತ್ರೆ ಕೆಳಗಿಡುತ್ತಾರೆ ಎಂದುಕೊಂಡೆ. ಅತ್ತೆ ಬಹಳ ಶ್ರದ್ಧೆಯಿಂದ, ಡಾಕ್ಟರನ್ನು ಗುಳಿಗೆಯ ವಿಷಯ ಕೇಳುವವರ ಹಾಗೆ, ತಣ್ಣಗಾಗಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಅರ್ಧ ತಾಸು ಎಂದು ಹೇಳಿ ಉಸ್ತಾದರು ಹೋದರು. ಮಾವನವರು ರೇಡಿಯೋ ಆರಿಸಿದರು. ಅತ್ತೆ ಗಡಿಯಾರ ನೋಡುತ್ತ ಅರ್ಧ ತಾಸು ಸರಿಯಾಗಿ ಕಾದು, ನೀರು ಚಿಮುಕಿಸಿ, ಒಳಗೆ ಹೋಗಿ ಸಾರಿಗೆ ಬೇಳೆ ಇಟ್ಟರು.

ಪೆಟ್ಟಿಗೆ ಮರುದಿನವೂ ಹಾಡಿತು, ವರ್ಷಗಟ್ಟಲೆ ಹಾಡಿತು. ಮಾವನವರು ಪೋಸ್ಟಾಫೀಸಿನ ಕಟ್ಟೆಗೆ ಹೋಗಿ, ಕಾದ ಗಾಜಿಗೆ ತಂಪು ತಗಲಿದರೆ ಆಗುವ ಆಘಾತದ ಮೇಲೆ ಉಪನ್ಯಾಸ ಕೊಟ್ಟು, ಅದನ್ನು ಸ್ವಂತ ಸಂಶೋಧನೆ ಎಂದು ಹೇಳಿಕೊಂಡರು. ತಂಪು ಎಲ್ಲಿಂದ ಬಂತು ಎಂದು ಕೇಳಿದವರಿಗೆ ಹವಾಮಾನ ಎಂದರಂತೆ, ನಮ್ಮ ಊರಿನ ಬೇಸಿಗೆಯಲ್ಲಿ! ಅದೇನೇ ಇರಲಿ, ಉಸ್ತಾದರ ಕೈ ಸರಿಯಾಗಿದೆ ಎಂದು ಅವರೇ ಸಾರಿದರು. ರೇಡಿಯೋಗಳು ಅಂಗಡಿಗೆ ವಾಪಸು ಬಂದವು, ಬೋರ್ಡು ಇಳಿಯಲಿಲ್ಲ. ಖಣಿಯವರಿಗೆ ಮಾತ್ರ ತಮ್ಮ ಮೇಲೆ ಬಂದಿದ್ದ ಆರೋಪವೂ ಗೊತ್ತಾಗಲಿಲ್ಲ, ಬಿಡುಗಡೆಯೂ ಗೊತ್ತಾಗಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಮಾವನವರು ತೀರಿಕೊಂಡು ಒಂದೆರಡು ವರ್ಷಕ್ಕೆ, ಪೆಟ್ಟಿಗೆಯಲ್ಲಿ ಗುಂಯ್ ಎಂಬ ಸದ್ದು ಹತ್ತಿತು. ಕರೆದಾಗ ಉಸ್ತಾದರು ಬಂದರು. ಆದರೆ ಒಳಗೆ ಬರಲಿಲ್ಲ, ಹೊರಗಿನ ಕಲ್ಲಿನ ಕಟ್ಟೆಯ ಮೇಲೆ ಕೂತರು. ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ ಎಂದರು. ನಮ್ಮ ಬಾಗಿಲಿಗೆ ಇರುವುದು ಒಂದೇ ಮೆಟ್ಟಿಲು. ಅಲ್ಲಿಂದಲೇ ಅವರು ಹೇಳಿದ್ದನ್ನು ಒಳಗೆ ನಾನು ಮಾಡಿದೆ: ಯಾವ ತಂತಿ ಬಿಚ್ಚಬೇಕು, ಎಲ್ಲಿ ಸೋಲ್ಡರ್ ಹಾಕಬೇಕು, ಯಾವುದಕ್ಕೆ ಬೆರಳು ತಾಗಿಸಬಾರದು. ಬೆರಳು ಸುಟ್ಟುಕೊಂಡೆ, ಬೈಸಿಕೊಂಡೆ, ಕಲಿತೆ. ಗುಂಯ್ ಸದ್ದು ನಿಂತು ಹಾಡು ಶುದ್ಧವಾಯಿತು.

ಅತ್ತೆಯ ಬೆನ್ನು ಆಗ ಬಾಗಿತ್ತು. ಮಾವ ಹೋದ ಮೇಲೆ ಇಡೀ ದಿನ ಆ ಪೆಟ್ಟಿಗೆಯೇ ಅವರಿಗೆ ಜೊತೆ. ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದರು. ಕೈಯಲ್ಲಿ ನಾವೆಲ್ಲ ಚಾ ಕುಡಿಯುವ ಸ್ಟೀಲಿನ ಲೋಟ ಇತ್ತು. ಈ ಮನೆಯ ಹೊಸ್ತಿಲಲ್ಲಿ ಅವರು ಯಾರನ್ನೂ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ.

"ಒಳಗ ಬರ್ರಿ, ಉಸ್ತಾದ್ರ. ಬಿಸಲಾಗ ಯಾಕ ಕುಂತೀರಿ? ನಾ ಇನ್ನ ನೀರು ಹಾಕೂದಿಲ್ಲ," ಎಂದರು.

ಉಸ್ತಾದರು ಲೋಟ ತೆಗೆದುಕೊಂಡರು. ಚಾ ಊದಿ, ಒಂದು ಗುಟುಕು ಕುಡಿದರು.

"ಇರ್ಲಿ ಅಮ್ಮಾವ್ರ," ಎಂದರು. "ಇಲ್ಲೀತನಾ ಛಲೋ ಕೇಳಸ್ತದ."